ಗುಡ್ಡದಬೀಡಿನ ಹೆಬ್ಬಾಗಿಲು ಬಿಚ್ಚಿದ್ದು

"ಪ್ರಭು, ಕನ್ನಡದಲ್ಲಿ ಅರ್ಧಕ್ಕರ್ಧ ಪದ ದಂಡ!" ಎಂದು ಅಪ್ರಮೇಯಶಾಸ್ತ್ರಿಗಳು ಗುಡ್ಡದಬೀಡಿನ ಆಸ್ಥಾನದಲ್ಲಿ ಜಂಬ ಕೊಚ್ಚಿದರು. "ಬಾಗಿಲು ತೆಗೆ, ಚಾಪೆ ಹಾಸು, ಕಾಲು ಚಾಚು, ಹಪ್ಪಳ ಹರಡು... ಇಷ್ಟೆಲ್ಲ ಯಾಕೆ? ಮುದುಡಿದ್ದು ಅಗಲವಾಗಬೇಕು, ಅಷ್ಟೇ ತಾನೆ? 'ಬಿಚ್ಚು' ಅಂದರೆ ಸಾಕು."

ದೊರೆ ಮುದ್ದರಸನಿಗೆ ಮಾತಾಡುವುದಕ್ಕೂ ಸೋಮಾರಿತನ. ಇದು ಬಹಳ ಹಿಡಿಸಿತು. ಅಂದೇ ಡಂಗುರ ಹೊಡೆಸಿದ: ಇನ್ನು ಎಲ್ಲಕ್ಕೂ 'ಬಿಚ್ಚು'. ತಪ್ಪಿದವರು ಲಾಯದಲ್ಲಿ ಕುದುರೆ ಲದ್ದಿ ಬಾಚಬೇಕು.

ಮಧ್ಯಾಹ್ನ ಅಡುಗೆಯ ಬೋರಕ್ಕ ಅಭ್ಯಾಸಬಲದಿಂದ "ಚಾಪೆ ಹಾಸ್ರೋ, ಊಟಕ್ಕಾಯ್ತು" ಎಂದು ಕೂಗಿದಳು. ನಲವತ್ತು ವರ್ಷ ಸೌಟು ಹಿಡಿದ ಕೈಗೆ ಸಲಿಕೆ ಬಂತು.

ಅರಮನೆಯ ಆಳುಕಾಳುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಹೊನ್ನಾಜಮ್ಮ. ಅವಳು ಓಡಿಬಂದು, "ವಯಸ್ಸಾದವಳು ಪ್ರಭು, ಬಿಟ್ಟುಬಿಡಿ" ಎಂದು ಬೇಡಿಕೊಂಡಳು.

"ಆಜ್ಞೆ ಅಂದರೆ ಆಜ್ಞೆ!"

"ಅಪ್ಪಣೆ. ಹಾಗಾದರೆ ಒಂದಕ್ಷರವೂ ತಪ್ಪದಂತೆ ನಡೆಸುತ್ತೇವೆ."

ಮರುದಿನ ರಾಜಕುಮಾರಿಯನ್ನು ನೋಡಲು ಹೊಳೆಸಾಲಿನ ದೊರೆ ಮಗನೊಂದಿಗೆ ಬರುವವನಿದ್ದ. ಅವರು ಬರುವ ಮೊದಲು ಒಂದು ಗಳಿಗೆ ಮಲಗೋಣವೆಂದು ಮುದ್ದರಸ, "ಹಾಸಿಗೆ ಬಿಚ್ಚಿ" ಎಂದ. ಆಳುಗಳು ಹೊಲಿಗೆ ಬಿಚ್ಚಿದರು. ದೊರೆ ಹತ್ತಿಯ ನಡುವೆ ನಿಂತು ಹನ್ನೊಂದು ಸಲ ಸೀನಿದ.

"ಅಯ್ಯೋ, ಸಭೆಗಾದರೂ ಬೇಗ ರತ್ನಗಂಬಳಿ ಬಿಚ್ಚಿ!"

ನೇಕಾರರು ಬಂದು ಒಂದೊಂದೇ ಎಳೆ ಬಿಚ್ಚಿ, ನೂಲಿನ ಉಂಡೆ ಸುತ್ತಿ ಸಾಲಾಗಿ ಇಟ್ಟರು. ಅರಮನೆಯ ಬೆಕ್ಕಿಗೆ ಹಬ್ಬವಾಯಿತು.

ಅಷ್ಟರಲ್ಲಿ ಕಹಳೆ ಕೇಳಿಸಿತು. ಗಾಬರಿಯಲ್ಲಿ ದೊರೆ ಕೂಗಿದ: "ಬೀಗರು ಬಂದರು! ಹೆಬ್ಬಾಗಿಲು ಬಿಚ್ಚಿ!"

ಹದಿನಾರು ಮಂದಿ ಬಡಗಿಗಳು ನುಗ್ಗಿದರು. ಅಗುಳಿ ಒಂದು ಕಡೆ, ಹಲಗೆ ಒಂದು ಕಡೆ.

ಹೊಳೆಸಾಲಿನ ದೊರೆ ಆನೆ ನಿಲ್ಲಿಸಿ ಹುಬ್ಬು ಗಂಟಿಕ್ಕಿದ. "ಏನಿದು ಮುದ್ದರಸರೇ? ಮನೆಗೆ ಬಾಗಿಲೇ ಇಲ್ಲ! ಇಂಥ ಕಡೆ ಸಂಬಂಧ ಬೆಳೆಸುವುದು ಹೇಗೆ? ಮಾವುತ, ಆನೆ ತಿರುಗಿಸು!"

ಉಪ್ಪರಿಗೆಯಲ್ಲಿ ರಾಜಕುಮಾರಿಯ ಕಣ್ಣು ತುಂಬಿತು. ಮುದ್ದರಸನ ಬೆವರು ಮೀಸೆಯಿಂದ ತೊಟ್ಟಿಕ್ಕಿತು. "ಹೊನ್ನಾಜಮ್ಮ, ಏನಾದರೂ ಮಾಡಿ!" ಎಂದು ಪಿಸುಗುಟ್ಟಿದ.

"ಬೋರಕ್ಕ?"

"ಈಗಲೇ ಅಡುಗೆಮನೆಗೆ ಕಳಿಸಿದೆ!"

"ಪದಗಳು?"

"ಎಲ್ಲ ವಾಪಸು!"

ಹೊನ್ನಾಜಮ್ಮ ಸೆರಗು ಸರಿಮಾಡಿಕೊಂಡು ಆನೆಯ ಮುಂದೆ ನಿಂತಳು. "ಮಹಾಸ್ವಾಮಿ, ಬೇರೆ ದೊರೆಗಳು ನೆಂಟರಿಗೆ ಬಾಗಿಲು ತೆರೆಯುತ್ತಾರೆ. ತೆರೆದದ್ದನ್ನು ನಾಳೆ ಮುಚ್ಚಲೂಬಹುದು. ನಿಮಗೆ ಮುಚ್ಚುವ ಮಾತೇ ಬೇಡ ಅಂತ ನಮ್ಮ ದೊರೆ ಬಾಗಿಲನ್ನೇ ಬಿಚ್ಚಿಸಿಬಿಟ್ಟರು."

ಹೊಳೆಸಾಲಿನ ದೊರೆ ಬಿದ್ದಿದ್ದ ಹಲಗೆಗಳನ್ನೊಮ್ಮೆ, ಹೊನ್ನಾಜಮ್ಮನನ್ನೊಮ್ಮೆ ನೋಡಿದ. ಆಮೇಲೆ ಅಂಬಾರಿ ಅಲುಗಾಡುವಂತೆ ನಕ್ಕ. "ಇಂಥ ಮನೆಯ ಹೆಣ್ಣು ಬಿಟ್ಟು ಇನ್ನೆಲ್ಲಿ ಹುಡುಕಲಿ? ಮಾವುತ, ಇಳಿಸು!"

ಮುದ್ದರಸ ಕೊರಳ ಮುತ್ತಿನ ಸರ ತೆಗೆದು ಹೊನ್ನಾಜಮ್ಮನ ಕೈಗಿಟ್ಟು, ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕ.

ಪಕ್ಕದಲ್ಲಿದ್ದ ಅಪ್ರಮೇಯಶಾಸ್ತ್ರಿಗಳು ಏನೋ ಹೇಳಲು ಬಾಯಿ ಬಿಚ್ಚಿದರು.

"ಶಾಸ್ತ್ರಿಗಳೇ," ಎಂದ ದೊರೆ, "ಅದೊಂದನ್ನು ಮಾತ್ರ ಮುಚ್ಚಿ."