ಹೂಂಗುಟ್ಟಿದ ಶಾಸ್ತ್ರಿಗಳು

ಪೂಜ್ಯ ಹಂಪವ್ವತಾಯಿಯವರು ಹಿರೇಕೊಳ್ಳದ ಮಠದಲ್ಲಿ ಎಂದೂ ಗದ್ದುಗೆ ಏರಿ ಕುಳಿತವರಲ್ಲ. ಅವರನ್ನು ಕಾಣಬೇಕೆಂದರೆ ದಾಸೋಹದ ಅಡುಗೆಮನೆಯ ಹಿಂದಿನ ಅಂಗಳಕ್ಕೇ ಹೋಗಬೇಕಿತ್ತು. ಅಲ್ಲಿ ಗೋಣಿತಟ್ಟಿನ ಮೇಲೆ ಊರ ಹೆಂಗಸರ ನಡುವೆ ಕುಳಿತು, ಶೇಂಗಾ ಸುಲಿಯುತ್ತ ಕಥೆ ಹೇಳುತ್ತಿದ್ದರು. ವೇದಾಂತವೆಲ್ಲ ಅವರ ಬಾಯಲ್ಲಿ ನರಿ, ಮೊಸಳೆ, ಅತ್ತೆ, ಸೊಸೆಯರ ವೇಷ ಹಾಕಿಕೊಂಡೇ ಬರುತ್ತಿತ್ತು. ಕೇಳುವವರಲ್ಲಿ ಒಬ್ಬರಾದರೂ ಮಾತುಮಾತಿಗೆ ‘ಹೂಂ’ ಅನ್ನಬೇಕು. ಹೂಂಗುಟ್ಟುವವರಿಲ್ಲದೆ ನಮ್ಮ ಕಡೆ ಯಾರೂ ಕಥೆ ಹೇಳುವುದಿಲ್ಲ.

ಒಂದು ಮಧ್ಯಾಹ್ನ ಗುರುಶಾಂತ ಶಾಸ್ತ್ರಿಗಳು ತಮ್ಮ ಪತ್ನಿ ಪಾರ್ವತವ್ವನವರನ್ನು ಕರೆದುಕೊಂಡು ಆ ಅಂಗಳಕ್ಕೆ ಬಂದರು. ಶಾಸ್ತ್ರಿಗಳು ಕಾಶಿಯಲ್ಲಿ ಹನ್ನೆರಡು ವರ್ಷ ಓದಿ ಬಂದವರು, ವಾದದಲ್ಲಿ ಸೋತದ್ದನ್ನು ಕಂಡವರಿಲ್ಲ. ಅವರ ಒಬ್ಬಳೇ ಮಗಳು, ಏಳು ವರ್ಷದ ಚಂಪಾ, ಜ್ವರದಲ್ಲಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಪಾರ್ವತವ್ವನವರು ಒಂದು ಮಾತೂ ಆಡಿರಲಿಲ್ಲ. ಶಾಸ್ತ್ರಿಗಳು ದಿನವೂ ಅವರನ್ನು ಎದುರಿಗೆ ಕೂಡಿಸಿಕೊಂಡು, ದೇಹ ಅನಿತ್ಯ, ಆತ್ಮ ನಿತ್ಯ ಎಂದು ಪ್ರಮಾಣಸಹಿತ ಬೋಧಿಸುತ್ತಿದ್ದರು. ಬೋಧೆಯಲ್ಲಿ ಒಂದು ಎಳೆಯಷ್ಟೂ ತಪ್ಪಿರಲಿಲ್ಲ. ಪಾರ್ವತವ್ವನವರು ಮಾತ್ರ ಗೋಡೆ ನೋಡುತ್ತ ಕುಳಿತಿರುತ್ತಿದ್ದರು, ಊಟವನ್ನೂ ಬಿಡುತ್ತ ಬಂದಿದ್ದರು. ಹೀಗೇ ಆದರೆ ಆಕೆ ಉಳಿಯುವುದು ಕಷ್ಟವೆಂದು ವೈದ್ಯರು ಹೇಳಿದ ಮೇಲೆ, ಒಲ್ಲದ ಮನಸ್ಸಿನಿಂದಲೇ ಶಾಸ್ತ್ರಿಗಳು ಗಾಡಿ ಕಟ್ಟಿಸಿದ್ದರು.

ಬಂದವರೇ ನಿಂತಲ್ಲಿಂದಲೇ ಹೇಳಿದರು: “ತಾಯಿ, ಮೊದಲ ಒಂದು ಮಾತು. ಅಡಗೂಲಜ್ಜಿ ಕಥಿ ಬ್ಯಾಡ್ರಿ. ಕಥಿ ಕೂಸುಗಳಿಗೆ. ಈಕಿಗೆ ತತ್ವ ಇದ್ದದ್ದು ಇದ್ದಂಗ ಹೇಳ್ರಿ.”

“ನೀವು ಹೇಳೀರೇನ್ರಿ?” ಎಂದು ತಾಯಿಯವರು ಕೇಳಿದರು.

“ಎಂಟು ತಿಂಗಳಿಂದ ಅದನ್ನ ಹೇಳಾಕತ್ತೀನ್ರಿ.”

“ಆಕಿ ಏನಂದ್ಲು?”

ಶಾಸ್ತ್ರಿಗಳು ಹೆಂಡತಿಯತ್ತ ನೋಡಿದರು. ತಾಯಿಯವರು ಪಾರ್ವತವ್ವನವರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಒಂದು ಬೊಗಸೆ ಶೇಂಗಾ ಅವರ ಉಡಿಗೆ ಹಾಕಿದರು. “ಇವತ್ತು ನಾ ಕಥಿ ಹೇಳಂಗಿಲ್ಲ, ತತ್ವಾನೂ ಹೇಳಂಗಿಲ್ಲ. ನಿನ್ನ ಮಗಳದು ನೀ ಹೇಳವ್ವ. ನಾ ಹೂಂ ಅಂತೀನಿ.”

ಪಾರ್ವತವ್ವನವರು ಬಾಯಿ ತೆರೆಯಲಿಲ್ಲ. ಆದರೂ ತಾಯಿಯವರು ಶೇಂಗಾ ಸುಲಿಯುತ್ತ “ಹೂಂ” ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ “ಹೂಂ” ಎಂದರು. ಮಾತೇ ಇಲ್ಲದ ಕಥೆಗೆ ಹೂಂಗುಟ್ಟುವುದನ್ನು ಕಂಡು ಶಾಸ್ತ್ರಿಗಳಿಗೆ ಒಳಗೊಳಗೇ ಸಿಟ್ಟು ಬಂತು. ಹೀಗೆ ಎಷ್ಟೋ ಹೊತ್ತು ಕಳೆಯಿತು. ಉಡಿಯಲ್ಲಿದ್ದ ಒಂದು ಕಾಯಿ ಒಡೆದ ಪಾರ್ವತವ್ವನವರು ಅದನ್ನೇ ನೋಡುತ್ತ, “ಚಂಪಾ ಸಿಪ್ಪಿ ಸೈತ ತಿಂತಿದ್ಲು” ಎಂದರು.

“ಹೂಂ,” ಎಂದರು ತಾಯಿಯವರು.

ಆಮೇಲೆ ಮಾತು ನಿಲ್ಲಲಿಲ್ಲ. ಮಗುವಿನ ಹಟ, ಹರಿದ ಲಂಗ, ಬಿದ್ದ ಹಲ್ಲು ಎಲ್ಲ ಬಂದವು. ಜ್ವರದ ಮಾತೂ ಬಂತು. “ಸ್ವಾಮವಾರ ಮೈ ಸುಡಾಕ ಹತ್ತಿತ್ರಿ...”

“ಸೋಮವಾರ ಅಲ್ಲ, ಮಂಗಳವಾರ,” ಎಂದರು ಶಾಸ್ತ್ರಿಗಳು. ಪಂಡಿತರ ನಾಲಗೆ, ಸುಮ್ಮನಿರಲಿಲ್ಲ. ಪಾರ್ವತವ್ವನವರ ಮಾತು ಅಲ್ಲಿಗೇ ನಿಂತಿತು.

ತಾಯಿಯವರು ಅವರತ್ತ ತಿರುಗಿದರು. “ತಪ್ಪು ಹಿಡೀಬ್ಯಾಡ್ರಿ ಶಾಸ್ತ್ರಿಗಳ. ಇನ್ನ ಮ್ಯಾಲೆ ನೀವು ಹೂಂ ಅನ್ರಿ.”

ಪಾರ್ವತವ್ವನವರು ತಲೆಯೆತ್ತಿ ಗಂಡನನ್ನೇ ನೋಡುತ್ತ ಮುಂದುವರಿಸಿದರು: “ಕಡೀ ದಿನ ನಿಮ್ಮ ಕೈ ಹಿಡಿದು, ‘ಅಪ್ಪಾ, ಒಂದು ಕಥಿ ಹೇಳು’ ಅಂದ್ಲು. ನೀವು ‘ಕಥಿ ಎಲ್ಲಾ ಸುಳ್ಳು ಮಗಾ, ಆತ್ಮದ ಶ್ಲೋಕ ಅನ್ನು’ ಅಂದ್ರಿ. ಅಂದ್ಲು ನನ್ನ ಕೂಸು. ಅರ್ಧಾ ಅಂದ್ಲು.”

ಅಂಗಳದಲ್ಲಿ ಎಲ್ಲರ ಕೈಗಳೂ ನಿಂತವು. ಶಾಸ್ತ್ರಿಗಳು ಏನಾದರೂ ಸಮಾಧಾನ ಹೇಳಬಹುದಿತ್ತು, ಅದಕ್ಕೆ ಶಾಸ್ತ್ರದ ಆಧಾರವೂ ಅವರಿಗೆ ಗೊತ್ತಿತ್ತು. ಆದರೆ ಅವರು ಹೆಂಡತಿಯ ಎದುರು ನೆಲದ ಮೇಲೆ ಕುಳಿತು, ಬಹಳ ಕಷ್ಟದಿಂದ “ಹೂಂ” ಎಂದರು. ಪಾರ್ವತವ್ವನವರು ಆಗ ಅತ್ತರು. ಎಂಟು ತಿಂಗಳು ಅಳದೆ ಉಳಿದಿದ್ದ ಜೀವ ಅದು.

ಹೊರಡುವಾಗ ಶಾಸ್ತ್ರಿಗಳು ತಾಯಿಯವರ ಪಾದ ಮುಟ್ಟಿ ಕೇಳಿದರು: “ಹಂಗಾದ್ರ ನಾ ಹೇಳಿದ ತತ್ವ ಸುಳ್ಳೇನ್ರಿ ತಾಯಿ?”

“ಖರೇನ ಐತ್ರಿ. ಆಕಿ ಕೇಳಿದಾಗ ಹೇಳ್ರಿ,” ಎಂದರು ತಾಯಿಯವರು.

ಊರ ಹಳ್ಳ ದಾಟಿ ಗಾಡಿ ದಿಬ್ಬ ಏರುತ್ತಿತ್ತು. ಶಾಸ್ತ್ರಿಗಳು ಏನೂ ಬೋಧಿಸದೆ ಸುಮ್ಮನೆ ಕುಳಿತಿದ್ದರು. ಪಾರ್ವತವ್ವನವರೇ ಅವರ ಕಡೆ ತಿರುಗಿ, “ಕೂಸು ಶ್ಲೋಕ ಅರ್ಧಾ ಬಿಟ್ಟಳಲ್ರಿ, ಉಳಿದದ್ದು ಏನೈತಿ? ಅರ್ಥ ಬಿಡಿಸಿ ಹೇಳ್ರಿ,” ಎಂದರು. ನೂರಾರು ಶಿಷ್ಯರಿಗೆ ಬಾಯಿಪಾಠ ಮಾಡಿಸಿದ್ದ ಆ ಎರಡು ಸಾಲುಗಳನ್ನು ಶಾಸ್ತ್ರಿಗಳು ಅಂದು ಅಳುತ್ತ, ತಡೆತಡೆದು ಹೇಳಿ ಮುಗಿಸಿದರು.