ಬಂಡಿ ಕೂಟದ ಅರಸು

"ಅರಸರ ಮೂರು ಒಗಟುಗಳಿಗೆ ಉತ್ತರ ಹೇಳಿದವರು ಬೇಡಿದ್ದನ್ನು ಪಡೆಯುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ" ಎಂದು ಕೊಳಲೂರಿನ ಬೀದಿಗಳಲ್ಲಿ ಡಂಗುರ ಸಾರಿದರು.

ಬೇಡಿದ್ದನ್ನು ಕೊಡುವ ಮಾತು ಅರಸ ವೀರಮಲ್ಲನದು. ತಲೆ ತೆಗೆಯುವ ಮಾತು ಸೇರಿಸಿದವನು ಸಾಂತಯ್ಯ, ಹೆಂಡ ಸಾಗಿಸುವ ಬಂಡಿಗಳ ಕೂಟದ ಯಜಮಾನ. ಆ ನಾಡಿನಲ್ಲಿ ಮರ ಹತ್ತಿ ಹೆಂಡ ಇಳಿಸಿದವನು ಅದನ್ನು ನೇರವಾಗಿ ಅಂಗಡಿಗೆ ಕೊಡುವಂತಿರಲಿಲ್ಲ. ಅದು ಕೂಟದ ಬಂಡಿಯಲ್ಲಿ ಹೋಗಿ, ಕೂಟದ ಉಗ್ರಾಣದಲ್ಲಿ ಮುದ್ರೆ ಬಿದ್ದ ಮೇಲೆ ಅಂಗಡಿ ಸೇರಬೇಕು. ಹಿಂದೊಮ್ಮೆ ಯುದ್ಧದಲ್ಲಿ ಬೊಕ್ಕಸ ಬರಿದಾದಾಗ ಸೈನಿಕರಿಗೆ ಸಂಬಳ ಕೊಟ್ಟದ್ದು ಕೂಟ. ಅಂದಿನಿಂದ ಸಿಂಹಾಸನದ ಬಲಗಡೆ ಸಾಂತಯ್ಯನ ಪೀಠವಿತ್ತು. ಕೂಟ ಬರೆದು ತಂದದ್ದು ಕಾನೂನಾಗುತ್ತಿತ್ತು.

ಮೊದಲು ಬಂದವನು ಒಬ್ಬ ದಂಡನಾಯಕನ ಮಗ.

"ಹುಟ್ಟುವಾಗ ಸಿಹಿ. ಪರರ ಮನೆಯಲ್ಲಿ ನಿಂತು ನಿಂತು ಹುಳಿ. ಏನದು?" ಎಂದು ಅರಸ ಕೇಳಿದ.

"ಹಾಲು" ಎಂದ ಅವನು. ಅರಸ ಅಲ್ಲವೆಂದು ತಲೆಯಾಡಿಸಿದ. ಭಟರು ಅವನನ್ನು ಹೊರಗೆ ಕರೆದೊಯ್ದರು.

ಎರಡನೆಯವನು ಪಂಡಿತ; ಮೊದಲನೆಯದನ್ನು ಬಿಡಿಸಿದ. "ಮರ ಹತ್ತಲಿಲ್ಲ, ಅಂಗಡಿ ಇಡಲಿಲ್ಲ, ಒಂದು ಗುಟುಕು ಕುಡಿಯಲಿಲ್ಲ. ಆದರೂ ಪ್ರತಿ ಮಡಕೆಯಲ್ಲೂ ಪಾಲು. ಯಾರು?" ಎಂದು ಅರಸ ಕೇಳಿದಾಗ ಪಂಡಿತನ ಕಣ್ಣು ಬಲಗಡೆಯ ಪೀಠದತ್ತ ಹೋಗಿ ತಟ್ಟನೆ ಕೆಳಗಿಳಿಯಿತು.

"ದೇವರು" ಎಂದ. ಅವನೂ ಮರಳಲಿಲ್ಲ.

ಗುರುವಾರ ಬೆಳಿಗ್ಗೆ ಐತ ಬಂದ. ಮರ ಹತ್ತುವವನು, ಎದೆಯ ಮೇಲೆ ತೊಗಟೆ ಉಜ್ಜಿದ ಕಲೆ. ಅವನ ತಮ್ಮ ದೂಮ ಗಡಿಯ ಕೋಟೆಯಲ್ಲಿ ಸೆರೆಯಾಗಿದ್ದ. ಒಬ್ಬ ವಿಧವೆಯ ಅಂಗಡಿಗೆ ಒಂದು ಮಡಕೆ ಹೆಂಡವನ್ನು ನೇರವಾಗಿ ಕೊಟ್ಟದ್ದೇ ಅಪರಾಧ. ಶನಿವಾರ ಮಧ್ಯಾಹ್ನ ಗಲ್ಲು.

"ಏನಯ್ಯ, ಮರ ಬಿಟ್ಟು ಸಿಂಹಾಸನ ಹತ್ತಲು ಬಂದೆಯಾ?" ಎಂದ ಸಾಂತಯ್ಯ.

"ಇಲ್ಲ ಧಣಿ. ಇಳಿಯುವುದೂ ನನಗೆ ಗೊತ್ತು."

ಮೊದಲ ಎರಡಕ್ಕೆ ಐತ ತಡವರಿಸಲಿಲ್ಲ. "ಹೆಂಡ" ಎಂದ. "ಬಂಡಿ ಕೂಟ" ಎಂದ.

ಅರಸ ಮೂರನೆಯದನ್ನು ಮೆಲ್ಲಗೆ ಕೇಳಿದ. "ಮೈತುಂಬ ಚಿನ್ನ. ಮುಂದೆ ಕಹಳೆ. ಎಲ್ಲರೂ ದಾರಿ ಬಿಡುತ್ತಾರೆ. ಆದರೆ ಎತ್ತ ಹೋಗಬೇಕೆಂದು ಹೇಳುವವನು ಬೇರೆ."

"ಪಟ್ಟದಾನೆ. ಇದು ಮಕ್ಕಳಿಗೂ ಗೊತ್ತು" ಎಂದು ಸಾಂತಯ್ಯ ನಕ್ಕ.

"ಆನೆ ಒಂದು ದಿನವಾದರೂ ಮಾವುತನನ್ನು ಕೆಡವೀತು, ಧಣಿ" ಎಂದ ಐತ. ಅರಸನ ಕಡೆ ತಿರುಗಿ ಕೈಮುಗಿದ. "ಅದು ತಾವು, ಒಡೆಯ."

ಅರಸ "ಸರಿ" ಎಂದ. "ಏನು ಬೇಕು?"

"ನನ್ನ ತಮ್ಮ."

ಅರಸ ತಾನೇ ಬಿಡುಗಡೆಯ ಓಲೆ ಬರೆದ. ಐತ ಕೈ ಚಾಚಿದಾಗ ಸಾಂತಯ್ಯ ಎದ್ದು ನಿಂತ. "ಅರಮನೆಯ ಓಲೆ ಕೂಟದ ಬಂಡಿಯಲ್ಲೇ ಹೋಗಬೇಕು. ಕಾನೂನಿಗೆ ತಮ್ಮದೇ ಸಹಿ ಇದೆ, ಪ್ರಭು. ಕ್ರಮವಾಗಿ ತಲುಪಿಸುತ್ತೇವೆ."

"ನಾನೇ ಓಡಿಹೋಗಿ ಕೊಡುತ್ತೇನೆ, ಒಡೆಯ" ಎಂದ ಐತ.

ಅರಸ ಸಾಂತಯ್ಯನ ಮುಖ ನೋಡಿದ. ಆಮೇಲೆ ಓಲೆಯನ್ನು ಸಾಂತಯ್ಯನ ಕೈಗೇ ಕೊಟ್ಟ.

ಐತ ಬರಿಗೈಯಲ್ಲಿ ಓಡಿದ. ಶುಕ್ರವಾರ ಸಂಜೆಗೆ ಕೋಟೆ ಮುಟ್ಟಿದ. ಕಾವಲುಗಾರ ಕೆಟ್ಟವನಲ್ಲ. "ನಿನ್ನ ಮಾತು ನಿಜ ಇರಬಹುದು, ಅಣ್ಣ. ಮುದ್ರೆಯ ಓಲೆಯಿಲ್ಲದೆ ಬಿಟ್ಟರೆ ಆ ಹಗ್ಗ ನನ್ನ ಕೊರಳಿಗೆ" ಎಂದು, ಸರಳುಗಳ ಬಳಿ ಕೂರಲು ಬಿಟ್ಟ.

"ಅರಸರು ಏನು ಕೇಳಿದರು, ಅಣ್ಣ?" ಎಂದ ದೂಮ.

ಐತ ಒಂದೊಂದಾಗಿ ಹೇಳಿದ. ದೂಮ ಒಂದೊಂದನ್ನೂ ಬಿಡಿಸಿದ. "ಬೆಳಿಗ್ಗೆ ಇಳಿಸಿದ್ದು ಸಿಹಿ, ಅವರ ಉಗ್ರಾಣದಲ್ಲಿ ಮೂರು ದಿನ ಇಟ್ಟರೆ ಹುಳಿಯಾಗದೆ ಏನಾಗುತ್ತೆ? ಪಾಲು ಕೂಟದ್ದು. ಚಿನ್ನ ಹೊತ್ತು ಅವರು ಹೇಳಿದಲ್ಲಿಗೆ ಹೋಗುವವರು ಅರಸರು." ಸ್ವಲ್ಪ ನಕ್ಕ. "ಇಷ್ಟೇನಾ? ನಮ್ಮ ಕೇರಿಯಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು."

"ಹೌದು. ಅರಸರಿಗೂ ಗೊತ್ತಿತ್ತು."

ಮರುದಿನ ಮಧ್ಯಾಹ್ನ ದಾಟಿದರೂ ಕಾವಲುಗಾರ ಕಾದ. ನೆರಳು ಒಂದು ಮಾರು ಉದ್ದವಾಗುವವರೆಗೆ ದಾರಿ ನೋಡಿದ. ಅದಕ್ಕಿಂತ ಹೆಚ್ಚು ಕಾಯುವ ಧೈರ್ಯ ಅವನಿಗಿರಲಿಲ್ಲ.

ಬಂಡಿ ಸೋಮವಾರ ಬಂತು. ಓಲೆಯ ಮೇಲೆ ಮೂರು ಉಗ್ರಾಣಗಳ ಮುದ್ರೆ ಸರಿಯಾಗಿ ಬಿದ್ದಿತ್ತು.

"ಯಾರಿಗೆ ಕೊಡಬೇಕು?" ಎಂದು ಬಂಡಿಯವನು ಕೇಳಿದ.

ಐತ ತಮ್ಮನ ಸಮಾಧಿಯ ಬದಿಯಿಂದ ಎದ್ದು, ಕೈಯ ಮಣ್ಣು ಒರೆಸಿಕೊಂಡು, ಅದನ್ನು ತೆಗೆದುಕೊಂಡ.