ನಾಗಲಾದೇವಿಯ ಉರಿಗಾಲು

"ಕೇಳ್ರಪೋ ಕೇಳ್ರಿ. ದೊರೆ ವೀರಮಲ್ಲರ ಮಗಳು ನಾಗಲಾದೇವಿಯವರು ಮೂರು ಒಗಟು ಹಾಕ್ತಾರ. ಮೂರೂ ಬಿಡಿಸಿದವರಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲಿ ಹೋಗತೈತಿ."

ಡಂಗುರ ಊರೂರು ಸುತ್ತಿತು. ಅರ್ಧ ರಾಜ್ಯ ಅಂದಮೇಲೆ ಹೋಗುವುದು ತನ್ನದೇ ತಲೆ ಎಂಬುದು ಯಾರಿಗೆ ನೆನಪಿರುತ್ತದೆ? ಪಾಳೆಯಗಾರರ ಮಕ್ಕಳು ಮೀಸೆ ತಿರುವಿಕೊಂಡು ಹೊರಟರು.

ಕಂಬಳಿ ನೇಯುವ ಮಾಳಿಂಗನಿಗೆ ರಾಜ್ಯದ ಆಸೆ ಇರಲಿಲ್ಲ. ಯಾವುದೋ ಜ್ವರ ಬಂದು ಹೋದಮೇಲೆ ಅವನ ಪಾದದ ನರಗಳು ಸತ್ತಿದ್ದವು. ಮುಳ್ಳು ಚುಚ್ಚಿದರೂ ತಿಳಿಯದು. ಮಗ್ಗದ ಕುಣಿಯಿಂದ ಎದ್ದಾಗಲೆಲ್ಲ ಅವ್ವ ಅವನ ಅಂಗಾಲು ತಿರುವಿ ನೋಡಿ ಮುಳ್ಳು ತೆಗೆಯುತ್ತಿದ್ದಳು. ರಾಜಕುಮಾರಿಯ ಕಾಲಿಗೂ ಹೀಗೇ ಆಗಿದೆಯಂತೆ ಎಂಬ ಸುದ್ದಿ ಕೇಳಿದಾಗಿನಿಂದ ಅವನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

"ತಲಿ ಉಳಿದ್ರ ಬೆಲ್ಲ ಬೇಡಿ ತಿಂದೇವು. ಹೋಗಬ್ಯಾಡ ಮಗನ," ಎಂದಳು ಅವ್ವ.

"ನನಗ ನೀ ಇದ್ದಿ ಯವ್ವಾ. ಆಕಿ ಮಾತು ತಿಳಿಯೋರು ಅಲ್ಲಿ ಯಾರೂ ಇದ್ದಂಗಿಲ್ಲ," ಎಂದು ಮಾಳಿಂಗ ಕೋಲೂರಿಕೊಂಡು ಹೊರಟ.

ನಡೆದದ್ದಿಷ್ಟು. ನಾಗಲಾದೇವಿಯ ಬೆನ್ನೆಲುಬಿನ ಹತ್ತಿರ ಗಡ್ಡೆಯೊಂದು ಬೆಳೆದಿತ್ತು. ಅರಮನೆಯ ಶಸ್ತ್ರವೈದ್ಯ ರೇವಣಾರ್ಯರು ಬೆನ್ನು ಕೊಯ್ದು ತೆಗೆದರು. ಗಡ್ಡೆ ಹೋಯಿತು, ಗಾಯ ಮಾಯಿತು, ಆದರೆ ಕಾಲು ನೆಲ ಹಿಡಿಯಲಿಲ್ಲ. ಕೇಳಿದಾಗಲೆಲ್ಲ "ಆಗತೈತಿ ತಾಯಿ, ತಡ ಆಗತೈತಿ ಅಷ್ಟ" ಎಂದರು ಎಲ್ಲರೂ. ಕೇಳಿ ಕೇಳಿ ಸಾಕಾಗಿ ಅವಳು ಒಗಟು ಕಟ್ಟಿದಳು. ತಲೆ ಕಡಿಸುವ ಮಾತು ಸೇರಿಸಿದವನು ಅವಳ ಅಪ್ಪ. ಬೇಡವೆನ್ನುವಷ್ಟು ಕನಿಕರ ಆಗ ಅವಳಲ್ಲಿ ಉಳಿದಿರಲಿಲ್ಲ.

ಮಾಳಿಂಗ ಸಭೆಗೆ ಬಂದಾಗ ಅವನ ಮುಂದೆ ಇನ್ನೂ ಇಬ್ಬರಿದ್ದರು. ರಾಜಕುಮಾರಿ ಮಂಚದ ಮೇಲೆ ಒರಗಿದ್ದಳು.

"ಬೆಂಕಿ ಇಲ್ಲ, ಹೊಗಿ ಇಲ್ಲ. ಆದರೂ ಸುಡತೈತಿ. ತಣ್ಣೀರು ಹೊಯ್ದರ ಇನ್ನೂ ಹೆಚ್ಚಾಗತೈತಿ. ಏನದು?" ಎಂದು ಕೇಳಿದಳು.

ಮೊದಲನೆಯವನು, ಅತ್ತರು ಪೂಸಿಕೊಂಡು ಬಂದಿದ್ದ ಪಾಳೆಯಗಾರನ ಮಗ, "ವಿರಹ" ಎಂದ. ಅವನನ್ನು ಎಳೆದೊಯ್ದರು. ಎರಡನೆಯವನು "ಹೊಟ್ಟೆಕಿಚ್ಚು" ಎಂದ. ಸಭೆಯಲ್ಲಿ ಯಾರೋ ತಲೆದೂಗಿದರು, ಅದು ಅವನ ತಲೆ ಉಳಿಸಲಿಲ್ಲ. ಮಾಳಿಂಗ ಕೋಲೂರಿ ಮುಂದೆ ಬಂದ.

"ಪೆಟ್ಟು ತಿಂದ ನರದ ಉರಿ ತಾಯಿ," ಎಂದ ಅವನು. "ನನ್ನ ಪಾದಕ್ಕೂ ಮೊದಮೊದಲು ಹಂಗ ಇತ್ತು. ಕಣ್ಣಿಗೆ ಕಾಣಂಗಿಲ್ಲ ಅಂತ ಯಾರೂ ನಂಬಲಿಲ್ಲ."

ನಾಗಲಾದೇವಿ ಮೊದಲ ಸಲ ಮುಖವೆತ್ತಿ ನೋಡಿದಳು. "ನನ್ನ ಮನ್ಯಾಗ ಐತಿ, ನನ್ನ ಅನ್ನಾನ ಉಣ್ಣತೈತಿ. ಮೈಮ್ಯಾಲೆ ಕೆಂಡ ಬಿದ್ದರೂ ನನಗ ಸುದ್ದಿ ಹೇಳಂಗಿಲ್ಲ. ಏನದು?"

ಮಾಳಿಂಗನ ಕಣ್ಣು ರೂಢಿಯಂತೆ ಅವಳ ಪಾದದ ಕಡೆ ಹೋಯಿತು. ಚಳಿಗೆಂದು ಇಟ್ಟಿದ್ದ ಅಗ್ಗಿಷ್ಟಿಕೆಗೆ ಹಿಮ್ಮಡಿ ತಾಗಿತ್ತು, ಚರ್ಮ ಬೊಬ್ಬೆಯೆದ್ದಿತ್ತು. ಒಳಗಿನ ಉರಿ ಬಲ್ಲ ಕಾಲಿಗೆ ಹೊರಗಿನ ಕೆಂಡ ತಿಳಿದಿರಲಿಲ್ಲ, ಅವಳು ಕದಲಿರಲಿಲ್ಲ. ಸುತ್ತ ಇದ್ದ ದಾಸಿಯರೂ ನೋಡಿರಲಿಲ್ಲ. ಅವನು ಉತ್ತರ ಹೇಳುವುದು ಬಿಟ್ಟು ತಡವರಿಸುತ್ತ ಮುನ್ನುಗ್ಗಿ ಅಗ್ಗಿಷ್ಟಿಕೆಯನ್ನು ಆಚೆ ತಳ್ಳಿದ.

"ಕಾಲು ತಾಯಿ, ನಿಮ್ಮ ಕಾಲು," ಎಂದ. ಅವನಿಗೆ ಅಳು ಬಂದಿತ್ತು.

ಅವಳು ಮೆಲ್ಲಗೆ ಮೂರನೆಯದನ್ನು ಕೇಳಿದಳು. "ಬಡವರ ಮನ್ಯಾಗ ಬೇಕಾದಷ್ಟು ಸಿಗತೈತಿ, ನನಗ ಮಾತ್ರ ಯಾರೂ ಕೊಡವಲ್ಲರು. ಕೊಟ್ಟರ ಅಳತೀನಿ, ಕೊಡದಿದ್ದರ ನಿದ್ದಿ ಇಲ್ಲ. ಏನದು?"

ಮಾಳಿಂಗನಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ಕಟುಕ ಕಾಯುತ್ತಿದ್ದ. ಬಡವರ ಮನೆಯಲ್ಲಿ ಬೇಕಾದಷ್ಟು ಇರುವುದಾದರೂ ಏನು? ಅಕ್ಕಿ ಇಲ್ಲ, ಎಣ್ಣೆ ಇಲ್ಲ. ಅಲ್ಲಿಗೆ ಬಂದು ಅವನ ಯೋಚನೆ ನಿಂತಿತು. ಆ ಅರಮನೆಯ ರೀತಿಯೇ ಬೇರೆ. ಬಳೆ ಒಡೆದರೆ ಹೆಚ್ಚಿತು ಎನ್ನುವರು, ಅಕ್ಕಿ ಮುಗಿದರೆ ತುಂಬಿದೆ ಎನ್ನುವರು. ನಮ್ಮ ನಿಮ್ಮ ಮನೆಗಳಲ್ಲೂ ಅಷ್ಟು ಉಂಟು. ಆದರೆ ಅಲ್ಲಿ ದೊರೆಮಕ್ಕಳ ಮುಂದೆ ಯಾವುದಕ್ಕೂ ಇಲ್ಲವೆನ್ನುವ ಹಾಗಿರಲಿಲ್ಲ.

"'ಇಲ್ಲ' ಅನ್ನೋ ಮಾತು ತಾಯಿ," ಎಂದ ಮಾಳಿಂಗ. "ನೀವು ನಡೀತೀರೋ ಇಲ್ಲೋ, ಯಾರೂ ನಿಮಗ ಹೇಳಿಲ್ಲ."

"ಬಿಡಿಸಿದಿ," ಎಂದವಳೇ ಅವಳು ಮಂಚದ ಪಕ್ಕ ನಿಂತಿದ್ದ ವೈದ್ಯರ ಕಡೆ ತಿರುಗಿದಳು. "ಹೇಳ್ರಿ ಅಜ್ಜಾ. ನಾ ನಡೀತೀನೇನು?"

ರೇವಣಾರ್ಯರು ದೊರೆಯ ಮುಖ ನೋಡಿದರು. ದೊರೆ ತಲೆ ತಗ್ಗಿಸಿದ. ಮುದುಕ ಮೊಣಕಾಲೂರಿ ಕುಳಿತ.

"ಇಲ್ಲ ಮಗಳ. ಗಡ್ಡಿ ಬೆನ್ನುಹುರಿಗೆ ಅಂಟಿತ್ತು. ಬಿಡಿಸೋವಾಗ ಕತ್ತಿ ತುದಿ ನರಕ್ಕ ತಾಗಿತು. ಅವತ್ತ ಗೊತ್ತಾಗಿತ್ತು ನನಗ. ನಿನಗಿಂತ ಮೊದಲು ಇನ್ನೊಬ್ಬರಿಗೂ ಹಿಂಗ ಆಗಿತ್ತು, ಅದನ್ನೂ ಮುಚ್ಚಿಟ್ಟೆ."

ನಾಗಲಾದೇವಿ ಅತ್ತಳು. ಎದೆ ಬಿರಿಯುವಂತೆ ಅತ್ತಳು. ವೈದ್ಯರ ಕೈ ತಪ್ಪಿದ ಸಂಗತಿ ದೊರೆಗೂ ಹೊಸದು. ಅವನು ಕತ್ತಿಗೆ ಕೈ ಹಾಕಿದಾಗ ಅವಳು ಕಣ್ಣೊರೆಸಿಕೊಂಡು ತಡೆದಳು. "ಇವರ ತಲಿ ಹೋದರ ಅದರೊಳಗಿದ್ದದ್ದೂ ಹೋಗತೈತಿ ಅಪ್ಪಾಜಿ. ಇರಲಿ ಬಿಡ್ರಿ."

ಮಾಳಿಂಗನಿಗೆ ಅರ್ಧ ರಾಜ್ಯ ಬಂತು. ಅವನು ಅಲ್ಲೊಂದು ಕಟ್ಟಳೆ ಮಾಡಿದ. ಕೊಯ್ಯುವ ಕತ್ತಿ ಹಿಡಿದವರು ತಮ್ಮ ಕೈ ತಪ್ಪಿದ್ದನ್ನು ಎಲ್ಲ ವೈದ್ಯರ ಮುಂದೆ ಹೇಳಬೇಕು, ಹೇಳಿದವರಿಗೆ ಶಿಕ್ಷೆ ಇಲ್ಲ. ರೇವಣಾರ್ಯರೇ ಮೊದಲು ಹೇಳಿದರು. ಕೇಳಿದವರಲ್ಲಿ ಒಬ್ಬ, ಮುಂದೊಂದು ಬೆನ್ನು ಕೊಯ್ಯುವಾಗ ಅದೇ ಜಾಗದಲ್ಲಿ ಕೈ ತಡೆದನಂತೆ. ಆ ರೋಗಿ ನಡೆದುಕೊಂಡು ಮನೆಗೆ ಹೋದ.

ನಾಗಲಾದೇವಿ ನಡೆಯಲಿಲ್ಲ. ಪಲ್ಲಕ್ಕಿ ತರಿಸಿ, ಮಾಳಿಂಗನನ್ನು ಜೊತೆಗೆ ಕರೆದುಕೊಂಡು, ತಲೆ ಹೋದವರ ಮನೆಗಳಿಗೆ ಹೊರಟಳು. ಅವರ ತಾಯಂದಿರಿಗೆ ಅರಮನೆಯಿಂದ ಹೋಗಿದ್ದ ಸುದ್ದಿ ಒಂದೇ: ನಿಮ್ಮ ಮಗ ನಮ್ಮಲ್ಲಿ ಸುಖವಾಗಿದ್ದಾನೆ.

ವಿರಹ ಎಂದಿದ್ದ ಹುಡುಗನ ತಾಯಿ ಬಾಗಿಲಿಗೆ ಬಂದು, "ನನ್ನ ಮಗ ಯಾವಾಗ ಬರ್ತಾನ?" ಎಂದು ಕೇಳಿದಳು.

ಪಲ್ಲಕ್ಕಿ ಹೊತ್ತವರು ಮುಖ ತಿರುಗಿಸಿದರು. ನಾಗಲಾದೇವಿ ಆ ತಾಯಿಯ ಎರಡೂ ಕೈ ಹಿಡಿದುಕೊಂಡಳು.

"ಬರಂಗಿಲ್ಲ ತಾಯಿ," ಎಂದಳು. "ನಿಮ್ಮ ಮಗ ಇಲ್ಲ. ನನ್ನಿಂದ ಹೋದ."